ಗೆಲಿಲಿಯೊ ಗೊಣಗಿದ್ದು ನಿಜವೇ?

ಪ್ರಶ್ನೆ: ಭೂಮಿ ಚಲಿಸುತ್ತದೆ ಎಂಬ ತನ್ನ ಮಾತನ್ನು ಗೆಲಿಲಿಯೊ ಎಲ್ಲರೆದುರು ಹಿಂತೆಗೆದುಕೊಂಡು, ಮೇಲೇಳುವಾಗ ‘ಆದರೂ ಅದು ಚಲಿಸುತ್ತದೆ’ ಎಂದು ಗೊಣಗಿದನಂತೆ. ಹೌದೇ?

ಉತ್ತರ: ನಂಬಬಹುದಾದ ಆಧಾರವಿಲ್ಲ. ಇದನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

1633ರ ಜೂನ್ 22ರಂದು ರೋಮಿನ ಮಿನರ್ವಾ ಮಠದಲ್ಲಿ, ಭೂಮಿ ಚಲಿಸುತ್ತದೆ ಎಂಬುದು ಧರ್ಮವಿರೋಧವೆಂದ ಕ್ಯಾಥೊಲಿಕ್ ಚರ್ಚಿನ ನ್ಯಾಯಾಧೀಶರ ಮುಂದೆ, 69ರ ಮುದುಕ ಗೆಲಿಲಿಯೊ ಮಂಡಿಯೂರಿ, ಸಿದ್ಧಪಡಿಸಿಟ್ಟಿದ್ದ ಒಕ್ಕಣೆಯನ್ನು ಓದಿದ. ತನ್ನ ತಪ್ಪುಗಳನ್ನು ತ್ಯಜಿಸುತ್ತೇನೆ, ಶಪಿಸುತ್ತೇನೆ, ಹೇಸುತ್ತೇನೆ ಎಂದ. ಧರ್ಮದ್ರೋಹಿಗಳು ಯಾರಾದರೂ ಕಂಡರೆ ತಾನೇ ದೂರು ಕೊಡುವೆನೆಂದೂ ಮಾತು ಕೊಟ್ಟ. ಈ ಸಾಲು ಯಾರಿಗೂ ನೆನಪಿರುವುದಿಲ್ಲ; ಗೊಣಗಾಟ ಮಾತ್ರ ಎಲ್ಲರಿಗೂ ಬಾಯಿಪಾಠ.

ಸ್ವಲ್ಪ ಯೋಚಿಸಿ. ಹೀಗೆ ಶಪಥ ಮಾಡಿ ಮತ್ತೆ ಹಳೆಯ ನಂಬಿಕೆಗೆ ಮರಳಿದವನಿಗೆ ಕಾದಿದ್ದದ್ದು ಬೆಂಕಿಯಲ್ಲಿ ಸುಡುವ ಶಿಕ್ಷೆ. ತೀರ್ಪು ಕೊಟ್ಟವರು ಎದುರಿಗೇ ಇದ್ದಾರೆ. ಅವರಿಗೆ ಕೇಳಿಸಿದ್ದರೆ ಅವನು ಉಳಿಯುತ್ತಿರಲಿಲ್ಲ; ಯಾರಿಗೂ ಕೇಳಿಸದಿದ್ದರೆ ನಿಮಗೆ ಹೇಳಿದವರು ಯಾರು? ಕೊನೆಗಾಲದಲ್ಲಿ ಜೊತೆಗಿದ್ದು, ಮುಂದೆ ಜೀವನಚರಿತ್ರೆ ಬರೆದ ಶಿಷ್ಯ ವಿವಿಯಾನಿ ಈ ಸುದ್ದಿಯನ್ನೇ ಎತ್ತುವುದಿಲ್ಲ. ಅದು ಅಚ್ಚಿನಲ್ಲಿ ಪ್ರಸಿದ್ಧಿಗೆ ಬಂದದ್ದು 1757ರಲ್ಲಿ, ಲಂಡನ್ನಿನಲ್ಲಿ ಇಟಲಿಯ ಲೇಖಕ ಜುಸೆಪ್ಪೆ ಬರೆಟ್ಟಿ ಪ್ರಕಟಿಸಿದ ಪುಸ್ತಕದಿಂದ. ಎಂದರೆ 124 ವರ್ಷ ತಡವಾಗಿ! ಅಲ್ಲಿಯೂ ಗೆಲಿಲಿಯೊ ಬಾಯಿ ಬಿಡುವುದು ಬಿಡುಗಡೆಯಾದ ಮೇಲೆ, ಆಕಾಶವನ್ನು ನೋಡಿ, ನೆಲಕ್ಕೆ ಕಾಲು ಅಪ್ಪಳಿಸಿ. ನ್ಯಾಯಾಧೀಶರ ಮುಂದೆಯೇ ಅವನನ್ನು ಗೊಣಗಿಸಿದ್ದು ಕಥೆ ಹೇಳುವವರ ಕೈಚಳಕ.

ಹಾಗಾದರೆ ಅವನು ಹೇಡಿಯೇ ಎಂದು ಕೆಲವರು ಜಗಳಕ್ಕೇ ಬರುತ್ತಾರೆ. ಆ ತೀರ್ಪಿನಿಂದ ಬಂದ ಗೃಹಬಂಧನದಲ್ಲಿದ್ದುಕೊಂಡೇ ಅವನು ಚಲನೆಯ ಬಗ್ಗೆ ದೊಡ್ಡ ಗ್ರಂಥ ಮುಗಿಸಿದ. ಅದು 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ, ರೋಮಿನ ಕೈಗೆ ಎಟುಕದ ಕಡೆ, ಅಚ್ಚಾಯಿತು. ಹೇಡಿಯೋ ಅಲ್ಲವೋ ನೀವೇ ಹೇಳಿ.

ಹಿಂತೆಗೆದುಕೊಂಡದ್ದನ್ನೇ ಮತ್ತೆ ಹಿಂತೆಗೆದುಕೊಂಡವರು ಇದ್ದಾರೆಯೇ? ಇದನ್ನು ನೀವು ಕೇಳಲಿಲ್ಲ, ಕೇಳಬೇಕಿತ್ತು. ಇಂಗ್ಲೆಂಡಿನ ಆರ್ಚ್‌ಬಿಷಪ್ ಆಗಿದ್ದ ಥಾಮಸ್ ಕ್ರ್ಯಾನ್ಮರ್, ಕ್ಯಾಥೊಲಿಕ್ ರಾಣಿ ಮೇರಿಯ ಆಳ್ವಿಕೆಯಲ್ಲಿ, ತನ್ನ ಪ್ರಾಟೆಸ್ಟೆಂಟ್ ನಂಬಿಕೆ ತಪ್ಪೆಂದು ಒಂದರ ಮೇಲೊಂದು ಪತ್ರಕ್ಕೆ ಸಹಿ ಹಾಕಿದ್ದ. ಆದರೂ ಸುಡುವ ಶಿಕ್ಷೆ ತಪ್ಪಲಿಲ್ಲ. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಕೊನೆಯ ಮಾತಿಗೆ ನಿಲ್ಲಿಸಿದಾಗ, ಅವೆಲ್ಲ ಜೀವಭಯದಿಂದ ಬರೆದವು, ಮನಸ್ಸಿನ ಮಾತಲ್ಲ ಎಂದುಬಿಟ್ಟ. ಬೆಂಕಿ ಹೊತ್ತಿದಾಗ, ಸಹಿ ಹಾಕಿದ್ದ ಬಲಗೈಯನ್ನೇ ಮೊದಲು ಅದರೊಳಗೆ ಚಾಚಿದ. ಇದನ್ನು ಮಾತ್ರ ಕಣ್ಣಾರೆ ಕಂಡವರೇ ಬರೆದಿಟ್ಟಿದ್ದಾರೆ.