ಹಾಜರಿ ಪುಸ್ತಕ ಯಾರ ಕೈಯಲ್ಲಿ: ಕೋಲಾರದ ಹಳೆಯ ಪ್ರಶ್ನೆ

2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಬಾಕಿ ಸಂಬಳಕ್ಕಾಗಿ ಸಿಡಿದೆದ್ದು ಗಾಜು ಒಡೆದು ವಾಹನ ಉರುಳಿಸಿದಾಗ, ಸುದ್ದಿಯೆಲ್ಲ ನಷ್ಟದ ಮೊತ್ತದ ಸುತ್ತಲೇ ತಿರುಗಿತು. ಪೊಲೀಸ್ ದೂರಿನಲ್ಲಿ 437 ಕೋಟಿ ರೂಪಾಯಿ ಎಂದಿದ್ದ ನಷ್ಟ, ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ಹೇಳಿಕೆಯಲ್ಲಿ 10ರಿಂದ 20 ಕೋಟಿ ತೈವಾನ್ ಡಾಲರಿಗೆ, ಅಂದರೆ ಹೆಚ್ಚೆಂದರೆ ಐವತ್ತು ಕೋಟಿ ರೂಪಾಯಿಯ ಆಸುಪಾಸಿಗೆ ಇಳಿದಿತ್ತು. ಸಂಬಳದ ಲೆಕ್ಕವೂ ಇಷ್ಟೇ ಸಡಿಲವಾಗಿತ್ತೆಂಬುದು ತನಿಖೆ ನಡೆದ ಮೇಲೆ ಗೊತ್ತಾಯಿತು.

ದುಡಿಮೆ ಒಬ್ಬರ ಬಳಿ, ಹಾಜರಿ ಇನ್ನೊಬ್ಬರ ಬಳಿ, ಬಟವಾಡೆ ಮತ್ತೊಬ್ಬರ ಬಳಿ ಇರುವ ಈ ವ್ಯವಸ್ಥೆ ಕೋಲಾರ ಜಿಲ್ಲೆಗೆ ಹೊಸದಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಚಿನ್ನದ ಗಣಿಗಳಲ್ಲಿ ಕಾರ್ಮಿಕರ ದೊಡ್ಡ ಪಾಲು ಗುತ್ತಿಗೆದಾರರ ಮೂಲಕವೇ ಬರುತ್ತಿತ್ತು. ಮದರಾಸು ಪ್ರಾಂತ್ಯದಿಂದ ಆಳುಗಳನ್ನು ತಂದವನೇ ಅವರ ಕೂಲಿಯನ್ನೂ ಹಂಚುತ್ತಿದ್ದುದರಿಂದ, ಸುರಂಗದೊಳಗೆ ಇಳಿದವನು ಯಾರೆಂದು ಕಂಪನಿಗೆ ನೇರವಾಗಿ ತಿಳಿಯುತ್ತಿರಲಿಲ್ಲ. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕ್ರಮ ಬಂದಾಗ ಗಣಿಗಳಲ್ಲಿ 21 ದಿನಗಳ ಮುಷ್ಕರವಾಯಿತು. ಇಂದು ಗೇಟಿನಲ್ಲಿ ದಿನಕ್ಕೆರಡು ಬಾರಿ ಬೆರಳೊತ್ತುವ ನಮಗೆ ಇದು ಅತಿ ಎನಿಸಬಹುದು. ಆದರೆ ಗುರುತನ್ನು ಕೇಳಿದ ಕಂಪನಿ ಆ ಗುರುತಿನ ಜೊತೆ ಹೊಣೆಯನ್ನೂ ಹೊತ್ತುಕೊಳ್ಳುತ್ತದೆಯೇ ಎಂಬ ಅನುಮಾನ ಆಗಲೂ ನ್ಯಾಯವಾದದ್ದೇ ಆಗಿತ್ತು.

ಸುಮಾರು ಅದೇ ಹೊತ್ತಿಗೆ, 1931ರಲ್ಲಿ, ವಿಟ್ಲಿ ಆಯೋಗವೆಂದು ಹೆಸರಾದ ರಾಯಲ್ ಕಾರ್ಮಿಕ ಆಯೋಗ ಹೀಗೆ ಆಳುಗಳನ್ನು ತಂದು ಕೊಡುತ್ತಿದ್ದ ಮೇಸ್ತ್ರಿಗಳ ಹಿಡಿತ ತಪ್ಪಿಸಲು ಕಾರ್ಖಾನೆಗಳೇ ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು ಶಿಫಾರಸು ಮಾಡಿತು. 1948ರ ಕಾರ್ಖಾನೆ ಕಾಯ್ದೆ, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಇಂದಿನ ಎಚ್‌ಆರ್ ಮ್ಯಾನೇಜರನ ಅಜ್ಜ ಈತನೇ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು ವಿಧಿಸಿತು. ಗಣಿಗಳು ಅಷ್ಟರಲ್ಲಿ ಸರ್ಕಾರದ ಕೈಗೆ ಬಂದಿದ್ದವು, 2001ರಲ್ಲಿ ಮುಚ್ಚಿದವು.

ನರಸಾಪುರಕ್ಕೆ ಕಾರ್ಖಾನೆಗಳು ಬಂದಾಗ ಮೇಸ್ತ್ರಿಯ ಜಾಗದಲ್ಲಿ ಆಳು ಒದಗಿಸುವ ಕನ್ಸಲ್ಟೆನ್ಸಿ ಕೂತಿತ್ತು. ವಿಸ್ಟ್ರಾನ್‌ನಲ್ಲಿ ಕಾಯಂ ನೌಕರರು ಸುಮಾರು 1,300 ಇದ್ದರೆ, ಆರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು ಸುಮಾರು 8,500 ಎಂದು ಆಗ ವರದಿಯಾಗಿತ್ತು. 21,000 ರೂಪಾಯಿ ಎಂದು ಸೇರಿಸಿಕೊಂಡ ಎಂಜಿನಿಯರಿಂಗ್ ಪದವೀಧರರಿಗೆ ಮೊದಲು 16,000, ಆಮೇಲೆ 12,000 ಬಂತೆಂಬುದು ಕಾರ್ಮಿಕರ ದೂರು. ಕೇಳಲು ಹೋದರೆ ಸೂಪರ್‌ವೈಸರ್ ಏಜೆನ್ಸಿಯ ಕಡೆ ಕೈ ತೋರಿಸಿ, ಏಜೆನ್ಸಿ ಕಂಪನಿಯ ಹಾಜರಿಯ ಕಡೆ ಕೈ ತೋರಿಸುವುದಕ್ಕೆ ಇಂಥ ವ್ಯವಸ್ಥೆಯಲ್ಲಿ ಯಾರ ದುರುದ್ದೇಶವೂ ಬೇಕಾಗಿಲ್ಲ, ಕೆಲಸದ ಹಂಚಿಕೆಯೇ ಹಾಗಿರುತ್ತದೆ.

ರಾಜ್ಯದ ಕಾರ್ಖಾನೆಗಳ ಇಲಾಖೆಯ ವರದಿಯಲ್ಲಿ ಮುಖ್ಯವಾಗಿದ್ದದ್ದು ಹಾಜರಿಯೇ. ಅನುಮತಿ 5,000 ಮಂದಿಗಿದ್ದರೆ, ಅಲ್ಪ ಕಾಲದಲ್ಲೇ ಒಳಗಿದ್ದವರ ಸಂಖ್ಯೆ 10,500ಕ್ಕೆ ಏರಿತ್ತು. ಅಕ್ಟೋಬರಿನಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡಕ್ಕೆ ಬದಲಾಯಿತು. ಅದೇ ವೇಳೆಗೆ ಕೆಟ್ಟ ಎಲೆಕ್ಟ್ರಾನಿಕ್ ಹಾಜರಿ ವ್ಯವಸ್ಥೆ ಎರಡು ತಿಂಗಳಾದರೂ ರಿಪೇರಿಯಾಗಲಿಲ್ಲ. ಓಟಿ, ಅಂದರೆ ಹೆಚ್ಚುವರಿ ದುಡಿಮೆಯ ಲೆಕ್ಕ ನಿಂತಿದ್ದದ್ದೇ ಅದರ ಮೇಲೆ. ಆಳುಗಳ ಸಂಖ್ಯೆ ಇಮ್ಮಡಿಯಾದರೂ, ಎಚ್‌ಆರ್ ವಿಭಾಗದಲ್ಲಿ ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲವರು ಸಾಕಷ್ಟಿರಲಿಲ್ಲ ಎಂದೂ ವರದಿ ಹೇಳಿತು. ದಾಂಧಲೆ ತಪ್ಪೇ. ಆದರೆ ಎರಡು ತಿಂಗಳ ಹಿಂದೆ ಒಬ್ಬ ಗುಮಾಸ್ತ ಕೈಬರಹದ ಹಾಜರಿ ಪುಸ್ತಕ ತೆರೆದು ಕೂತಿದ್ದರೂ ಇಷ್ಟು ದೂರ ಬರುತ್ತಿರಲಿಲ್ಲವೆಂದು ನನಗನಿಸುತ್ತದೆ.

ಡಿಸೆಂಬರ್ 19ರಂದು ಆಪಲ್ ಹೊಸ ಆರ್ಡರ್ ತಡೆಹಿಡಿಯಿತು; ಅದೇ ದಿನ ವಿಸ್ಟ್ರಾನ್ ಕೆಲವರಿಗೆ ಸರಿಯಾದ ಸಂಬಳ ಸಕಾಲದಲ್ಲಿ ಸಿಕ್ಕಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು; ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಕಾರ್ಖಾನೆ ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು. ಕ್ಷಮೆ ಕೇಳಿದ ಆ ದಿನದ ಹೇಳಿಕೆಯಲ್ಲೇ, ಹೆಸರು ಹೇಳದೆ ದೂರು ಕೊಡಬಹುದಾದ 24 ಗಂಟೆಯ ಸಹಾಯವಾಣಿಯೊಂದರ ಪ್ರಸ್ತಾಪವೂ ಇತ್ತು. ಅದರಲ್ಲಿ ಉತ್ತರಿಸುವ ಭಾಷೆಗಳ ಪೈಕಿ ಕನ್ನಡವೂ ಒಂದಾಗಿತ್ತು.