ಕೋಲಾರಕ್ಕೆ ಬಂದವರು, ಕೋಲಾರದಿಂದ ಹೋದವರು

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಸುತ್ತ ಈಗ ಹಿಂದಿ, ಒಡಿಯಾ ಮಾತು ಸಾಮಾನ್ಯ. "ಹೊರಗಿನವರು ಬಂದು ನಮ್ಮ ಕೆಲಸ ಕಿತ್ಕೊಂಡ್ರು" ಎಂಬ ದೂರೂ ಅಷ್ಟೇ ಸಾಮಾನ್ಯ. ಆದರೆ ಕೋಲಾರಕ್ಕೆ ವಲಸೆ ಹೊಸದಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನ ತೆಗೆಯಲು ಇಳಿಯಿತು. ಕೂಲಿಗಳು ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ. ಅವರಲ್ಲಿ ಬಹುಪಾಲು ಭೂಮಿ ಇಲ್ಲದ ದಲಿತರು. ಊರಿನ ಜಾತಿ ಕಟ್ಟುಪಾಡು, ಬರಗಾಲ ಎರಡರಿಂದಲೂ ತಪ್ಪಿಸಿಕೊಳ್ಳಲು ಗಣಿ ಒಂದು ದಾರಿಯಾಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಗಣಿ ಓಡಿಸಲೆಂದೇ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ! ಮೈಸೂರು ಸಂಸ್ಥಾನದ ಖಜಾನೆಗೆ ಚಿನ್ನದ ರಾಯಲ್ಟಿ ಹರಿಯಿತು. ಕಾರ್ಮಿಕರಿಗೆ ಸಿಕ್ಕಿದ್ದು ಇಕ್ಕಟ್ಟಾದ ಲೈನ್ ಮನೆ, ಧೂಳು ತಿಂದು ಹಾಳಾದ ಶ್ವಾಸಕೋಶ. ಇದನ್ನು ನಾವು ಮರೆಯಬಾರದು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿನ ವಲಸಿಗರ ಮೊಮ್ಮಕ್ಕಳು ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಅವರೇ ಹೊರಗಿನವರು.

ಸ್ಥಳೀಯರಿಗೆ ಕೆಲಸ ಎಂಬ ಬೇಡಿಕೆಗೆ ರಾಜ್ಯ ಸರ್ಕಾರ ನೇಮಿಸಿದ್ದ ಸರೋಜಿನಿ ಮಹಿಷಿ ಸಮಿತಿಯ ವರದಿ 1980ರ ದಶಕದಲ್ಲೇ ರೂಪ ಕೊಟ್ಟಿತು. 2024ರ ಜುಲೈನಲ್ಲಿ ಖಾಸಗಿ ಉದ್ಯೋಗ ಮೀಸಲಾತಿ ಮಸೂದೆಗೆ ಸಂಪುಟ ಒಪ್ಪಿ, ಉದ್ಯಮಿಗಳ ವಿರೋಧ ಬಂದ ಮೇಲೆ ತಡೆಹಿಡಿಯಿತು.

ಇನ್ನು ಜನಸಂಖ್ಯೆ ತಡೆದರೆ ಕೆಲಸದ ಪೈಪೋಟಿ ತಗ್ಗುತ್ತದೆ ಎಂಬ ಮಾತು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಈಗಿರುವಷ್ಟೇ ಜನ ಉಳಿಯಬೇಕಾದರೂ ಸುಮಾರು 2.1 ಬೇಕು. ಬಿಹಾರದಲ್ಲಿ ಅದು 3.0. ಅಲ್ಲಿನ ಹುಡುಗರು ಇಲ್ಲಿಗೆ ಬರುವುದರ ಹಿಂದೆ ಈ ಲೆಕ್ಕವೂ ಇದೆ, ಅಲ್ವಾ?

ಹಾಗಂತ ಸ್ಥಳೀಯರ ಆತಂಕ ಸುಮ್ನೆ ಅಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. ಬೆಂಗಳೂರಿನಲ್ಲಿ ಬಳಸಿದ ನೀರನ್ನೇ ಶುದ್ಧ ಮಾಡಿ 2018ರಿಂದ ಇಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಕೂಲಿಯ ಕಥೆಯೂ ಅಷ್ಟೇ. ದೂರದಿಂದ ಬಂದವನು ಬೇಡ ಎನ್ನಲಾರ, ಸಂಘ ಕಟ್ಟಲಾರ. ಗುತ್ತಿಗೆದಾರನಿಗೆ ಬೇಕಾದದ್ದೂ ಅಂಥವನೇ. ಒಂದೇ ಕೆಲಸಕ್ಕೆ ಸ್ಥಳೀಯನಷ್ಟೇ ಕೂಲಿ ಕೊಡಬೇಕೆಂದು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಹೇಳಿತ್ತು. ಆ ಒಂದು ಸಾಲನ್ನು ಗಟ್ಟಿಯಾಗಿ ಜಾರಿ ಮಾಡಿದ್ದರೆ, ಅಗ್ಗ ಎಂಬ ಕಾರಣಕ್ಕೆ ನಮ್ಮೂರಿನ ಹುಡುಗನನ್ನು ಬಿಟ್ಟು ಹೊರಗಿನವನನ್ನು ಕರೆತರಲು ಯಾವ ಗುತ್ತಿಗೆದಾರನಿಗೂ ಆಸೆ ಇರುತ್ತಿರಲಿಲ್ಲ.