ಬಣ್ಣ ನಂಬಬೇಡಿ, ನಂಬರ್ ನೋಡಿ: ಸ್ಯಾನ್ ಫ್ರಾನ್ಸಿಸ್ಕೊದ ಹಳೇ ಟ್ರಾಮ್‌ಗಳು

ಬೇ ಏರಿಯಾದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದ ನಮ್ಮ ಹಿರಿಯರು ಫೋಟೊ ತೋರಿಸುವಾಗ, ಸ್ಯಾನ್ ಫ್ರಾನ್ಸಿಸ್ಕೊದ ಬೀದಿಯಲ್ಲಿ ಹಳಿ ಮೇಲೆ ಓಡುವ ಹಳೇ ಗಾಡಿಗಳನ್ನೆಲ್ಲ ‘ಕೇಬಲ್ ಕಾರ್’ ಅಂದುಬಿಡುತ್ತಾರೆ. ಹಲವು ಫೋಟೊಗಳಲ್ಲಿ ಇರುವುದು ಟ್ರಾಮ್. ಮದ್ರಾಸಿನಲ್ಲಿ 1953ರವರೆಗೆ, ಬೊಂಬಾಯಿಯಲ್ಲಿ 1964ರವರೆಗೆ ಓಡಿದ್ದು ಇದೇ ಜಾತಿಯ ವಾಹನ. ಎರಡನ್ನೂ ಬೇರೆ ಮಾಡಲು ಒಮ್ಮೆ ಕೆಳಗೆ, ಒಮ್ಮೆ ಮೇಲೆ ನೋಡಿದರೆ ಸಾಕು. ಎರಡು ಹಳಿಗಳ ನಡುವೆ ಉದ್ದಕ್ಕೂ ಒಂದು ಸೀಳು ಇದ್ದರೆ ಅದು ಕೇಬಲ್ ಕಾರಿನ ದಾರಿ. ಆ ಸೀಳಿನ ಅಡಿಯಲ್ಲಿ ಉಕ್ಕಿನ ಹಗ್ಗ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಹರಿಯುತ್ತಲೇ ಇರುತ್ತದೆ. ಗಾಡಿಗೆ ಮೋಟಾರೇ ಇಲ್ಲ, ಇಕ್ಕಳದಿಂದ ಹಗ್ಗ ಹಿಡಿದುಕೊಂಡು ಹೋಗುತ್ತದೆ. ಸೀಳಿಲ್ಲದೆ ನೆತ್ತಿಯ ಮೇಲೆ ತಂತಿ ಇದ್ದು, ಗಾಡಿಯ ಚಾವಣಿಯಿಂದ ಒಂದು ಕೋಲು ಅದನ್ನು ಮುಟ್ಟುತ್ತಿದ್ದರೆ ಅದು ಟ್ರಾಮ್.

ಈ ಟ್ರಾಮ್‌ಗಳು ಓಡುವುದು ಎಫ್ ಮಾರ್ಗದಲ್ಲಿ. 1995ರ ಸೆಪ್ಟೆಂಬರ್ 1ರಂದು ಮಾರ್ಕೆಟ್ ಸ್ಟ್ರೀಟಿನಲ್ಲಿ ಶುರುವಾಯಿತು. 2000ದಲ್ಲಿ ಕಡಲ ದಂಡೆಯ ಫಿಶರ್‌ಮನ್ಸ್ ವಾರ್ಫ್‌ವರೆಗೆ ಬೆಳೆಯಿತು. ಪ್ರವಾಸಿಗರಿಗೆಂದು ಭಾನುವಾರ ಮಾತ್ರ ಹೊರತೆಗೆಯುವ ಪ್ರದರ್ಶನದ ಗಾಡಿಗಳಲ್ಲ ಇವು. ಕೈಚೀಲ ಹಿಡಿದು ಕೆಲಸಕ್ಕೆ ಹೋಗುವವರೂ ಹತ್ತುತ್ತಾರೆ.

ಇಲ್ಲಿ ಕಣ್ಣಿಗೆ ಮೊದಲು ಮೋಸ ಮಾಡುವುದು ಬಣ್ಣ. ಒಂದು ಗಾಡಿಗೆ ಬ್ರೂಕ್ಲಿನ್‌ನ ಬಣ್ಣ, ಇನ್ನೊಂದಕ್ಕೆ ಷಿಕಾಗೊದ್ದು, ಮತ್ತೊಂದಕ್ಕೆ ಸಿನ್ಸಿನಾಟಿಯದು. ಟ್ರಾಮ್ ಓಡಿಸಿದ ಬೇರೆ ಬೇರೆ ಊರುಗಳಿಗೆ ಗೌರವವೆಂದು ಹೀಗೆ ಬಳಿದಿದ್ದಾರೆ. ಗಾಡಿಯ ನಿಜವಾದ ತವರು ಬೇಕಿದ್ದರೆ ನಂಬರ್ ನೋಡಬೇಕು. 1050ರಿಂದ 1063ರೊಳಗಿದ್ದರೆ ಅದು ಫಿಲಡೆಲ್ಫಿಯಾದಲ್ಲಿ ದುಡಿದು ಬಂದದ್ದು. 1070ರಿಂದ 1080 ಆದರೆ ಮೊದಲು ಮಿನಿಯಾಪೊಲಿಸ್ ಕಡೆ, ಆಮೇಲೆ ನೆವಾರ್ಕ್‌ನಲ್ಲಿ ಓಡಿದ್ದು. 1040ಕ್ಕೊಂದು ವಿಶೇಷವಿದೆ: 1952ರ ಈ ಗಾಡಿ ಉತ್ತರ ಅಮೆರಿಕದಲ್ಲಿ ತಯಾರಾದ ಕೊನೆಯ ಪಿಸಿಸಿ.

ಈ ನಂಬರುಗಳ ಗಾಡಿಗಳೆಲ್ಲ ಪಿಸಿಸಿ ಮಾದರಿಯವು. ಆ ಹೆಸರು ಬಂದದ್ದು ಅವನ್ನು ರೂಪಿಸಿದ ಸಮಿತಿಯಿಂದ. ಮೋಟಾರು ಕಾರುಗಳು ಪ್ರಯಾಣಿಕರನ್ನು ಕಿತ್ತುಕೊಳ್ಳತೊಡಗಿದಾಗ ಟ್ರಾಮ್ ಕಂಪನಿಗಳ ಅಧ್ಯಕ್ಷರೆಲ್ಲ ಒಂದಾಗಿ ಕಟ್ಟಿದ ಸಮಿತಿಯ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರ ಅದು. ಆ ಸಮಿತಿಯ ಗಾಡಿ 1936ರಲ್ಲಿ ಬ್ರೂಕ್ಲಿನ್‌ನಲ್ಲಿ ರಸ್ತೆಗಿಳಿಯಿತು. ಯುದ್ಧಾನಂತರದ ಪಿಸಿಸಿಗೆ ದೊಡ್ಡ ಕಿಟಕಿಗಳ ಮೇಲೆ ಸಣ್ಣ ಕಿಟಕಿಗಳ ಇನ್ನೊಂದು ಸಾಲಿರುತ್ತದೆ. ನಿಂತವರು ಬಗ್ಗದೆ ಹೊರಗೆ ನೋಡಲೆಂದು ಮಾಡಿದ್ದು.

ಫಿಲಡೆಲ್ಫಿಯಾದ ಗಾಡಿಯನ್ನು ತಂದು ಹಾಗೇ ಹಳಿಗೆ ಇಳಿಸುವಂತಿಲ್ಲ. ಅಲ್ಲಿನ ಹಳಿಗಳ ನಡುವಿನ ಅಂತರ 1,581 ಮಿ.ಮೀ., ಇಲ್ಲಿ 1,435. ಹಾಗಾಗಿ ಬೋಗಿಯ ಅಳತೆಯನ್ನೇ ಬದಲಿಸಬೇಕು. (ನಾವು ಬೋಗಿ ಎಂದರೆ ಇಡೀ ಡಬ್ಬಿ. ಎಂಜಿನಿಯರರಿಗೆ ಅದರಡಿಯ ನಾಲ್ಕು ಗಾಲಿಗಳ ಚೌಕಟ್ಟು ಮಾತ್ರ ಬೋಗಿ.)

ನಂಬರ್ 1800ರ ಆಚೆಗಿದ್ದು, ಒಳಗೆ ಎರಡೂ ಬದಿಗೆ ಮರದ ಪಟ್ಟಿಗಳ ಉದ್ದನೆಯ ಬೆಂಚಿದ್ದರೆ ಅದು ಇಟಲಿಯ ಮಿಲಾನಿನದು, 1928ರ ಮಾದರಿ. ಇಂಥ ಸುಮಾರು 500 ಗಾಡಿಗಳು ತಯಾರಾದವು. ನೂರಕ್ಕೂ ಹೆಚ್ಚು ಇಂದಿಗೂ ಮಿಲಾನಿನಲ್ಲೇ ದಿನನಿತ್ಯ ಓಡುತ್ತಿವೆ. ಇವುಗಳ ಬಣ್ಣ ಮಾತ್ರ ಸುಳ್ಳಾಡುವುದಿಲ್ಲ. ಹಳದಿ-ಬಿಳಿ, ಎರಡು ಛಾಯೆಯ ಹಸಿರು, ಕಿತ್ತಳೆ: ಮೂರೂ ಮಿಲಾನಿನಲ್ಲೇ ಬೇರೆ ಬೇರೆ ಕಾಲದಲ್ಲಿ ಬಳಿದ ಬಣ್ಣಗಳು.

ಕಣ್ಣು ಮುಚ್ಚಿಕೊಂಡೂ ಪಿಸಿಸಿಯನ್ನು ಮಿಲಾನ್ ಗಾಡಿಯಿಂದ ಬೇರೆ ಮಾಡಬಹುದು. ಪಿಸಿಸಿಯಲ್ಲಿ ತಲಾ 55 ಅಶ್ವಶಕ್ತಿಯ ನಾಲ್ಕು ಮೋಟಾರುಗಳು. ಒಟ್ಟು 220, ಅಂದರೆ ನಮ್ಮ ಹೊಲದ 5 ಎಚ್‌ಪಿ ಪಂಪ್‌ಸೆಟ್ಟುಗಳು 44. ಇಷ್ಟೂ ಶಕ್ತಿ ಬರುವುದು ತಲೆ ಮೇಲಿನ 600 ವೋಲ್ಟಿನ ಒಂದೇ ತಂತಿಯಿಂದ. ಲೆಕ್ಕ ಹಾಕಿದರೆ 270 ಆಂಪಿಯರ್ ಮೀರುತ್ತದೆ. ನಿಂತ ಮೋಟಾರಿಗೆ ಪೂರ್ತಿ 600 ವೋಲ್ಟ್ ಒಮ್ಮೆಲೇ ಕೊಟ್ಟರೆ ಸುರುಳಿ ಸುಟ್ಟುಹೋದೀತು. ತಿರುಗತೊಡಗಿದ ಮೋಟಾರು ತಾನೇ ಎದುರು ವೋಲ್ಟೇಜು ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ, ನಿಂತಾಗ ಆ ತಡೆ ಇರುವುದಿಲ್ಲ. ಅದಕ್ಕೇ ನಡುವೆ ಕರೆಂಟನ್ನು ತಡೆಯುವ ರೆಸಿಸ್ಟರುಗಳನ್ನು ಇಟ್ಟು, ವೇಗ ಏರಿದಂತೆ ಒಂದೊಂದಾಗಿ ಕಳಚಬೇಕು. ಮಿಲಾನ್ ಗಾಡಿಯಲ್ಲಿ ಚಾಲಕ ಹಿಡಿಕೆ ತಿರುಗಿಸುತ್ತ ಕೈಯಿಂದಲೇ ಈ ಕೆಲಸ ಮಾಡುತ್ತಾನೆ. ಒಂದೊಂದು ಮೆಟ್ಟಿಲಿಗೂ ಸಣ್ಣ ಜಗ್ಗು. ಅವಸರ ಮಾಡಿದರೆ ಕರೆಂಟು ಕಡಿಯುವ ಸರ್ಕ್ಯೂಟ್ ಬ್ರೇಕರ್ ‘ಠಪ್’ ಎಂದು ಬೀಳುತ್ತದೆ. ಪಿಸಿಸಿಯಲ್ಲಿ ಕಾರಿನ ಹಾಗೆ ಪೆಡಲು. ಅಡಿಯಲ್ಲಿರುವ ಯಂತ್ರ ನೂರರ ಆಸುಪಾಸು ಮೆಟ್ಟಿಲುಗಳನ್ನು ತಾನಾಗಿ ಏರುವುದರಿಂದ ಜಗ್ಗು ಗೊತ್ತೇ ಆಗುವುದಿಲ್ಲ. ನಿಂತಾಗಲೂ ಅಡಿಯಿಂದ ಒಂದೇ ಸಮ ಗುಂಯ್‌ಗುಡುತ್ತದಲ್ಲ, ಅದು ಬ್ಯಾಟರಿ ಚಾರ್ಜು ಮಾಡುವ ಮೋಟಾರು-ಜನರೇಟರ್ ಜೋಡಿ. ಮಿಲಾನ್ ಗಾಡಿಯಲ್ಲಿ ಆ ಗುಂಯ್ ಇಲ್ಲ. ಬ್ರೇಕಿನ ಗಾಳಿಯ ಒತ್ತಡ ಇಳಿದಾಗಲೆಲ್ಲ ಕಂಪ್ರೆಸರ್ ಬಡಿದುಕೊಳ್ಳತೊಡಗುತ್ತದೆ, ಒತ್ತಡ ತುಂಬಿದ ಕೂಡಲೇ ಗಪ್‌ಚಿಪ್.

ಪಿಸಿಸಿ ಬ್ರೇಕು ಹಾಕುವಾಗ ಮೋಟಾರುಗಳೇ ಜನರೇಟರ್ ಆಗಿ ವೇಗವನ್ನು ಬಿಸಿಯಾಗಿ ಕಳೆಯುತ್ತವೆ. ನಿಧಾನವಾದಂತೆ ಅದರ ಹಿಡಿತ ಸಡಿಲುವುದರಿಂದ ಕೊನೆಗೆ ಗಾಡಿಯನ್ನು ನಿಲ್ಲಿಸುವುದು ಡ್ರಮ್ ಬ್ರೇಕು. ತುರ್ತಿಗೆ ಇನ್ನೊಂದಿದೆ: ಗಾಲಿಗಳ ನಡುವಿನ ವಿದ್ಯುತ್ ಅಯಸ್ಕಾಂತಗಳು ಹಳಿಯನ್ನೇ ಕಚ್ಚಿ ಹಿಡಿಯುತ್ತವೆ. ಒದ್ದೆ ಹಳಿಯಲ್ಲಿ ಗಾಲಿ ತಿರುಗದೆ ಜಾರಿದರೆ ಉಕ್ಕು ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಗಾಲಿಯ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ನಾಲ್ಕು ಸಲ ‘ಟಕ್’ ಕೇಳಿಸಿದರೆ ಗಾಲಿಗೆ ಇದೇ ರೋಗ. ಹಳಿಯ ಕೂಡಿಕೆಯ ಸದ್ದು ಹೀಗೆ ಬಿಡದೆ ಬರುವುದಿಲ್ಲ. ಗಾಲಿಯನ್ನು ಲೇತಿಗೆ ಹಾಕಿ ಮತ್ತೆ ದುಂಡಗೆ ಮಾಡದೆ ಬೇರೆ ಮದ್ದಿಲ್ಲ. ಜಾರದಿರಲಿ ಎಂದು ಗಾಲಿಯ ಮುಂದೆ ಮರಳು ಸುರಿಸುತ್ತಾರೆ. ಮರಳು ಒಣಗಿರಬೇಕು, ಒದ್ದೆಯಾದರೆ ಕೊಳವೆಯಲ್ಲೇ ಗಟ್ಟಿ. ಅತಿಯಾದರೆ ಇನ್ನೊಂದು ಫಜೀತಿ: ತಂತಿಯಿಂದ ಬಂದ ಕರೆಂಟು ಹಳಿಯ ಮೂಲಕವೇ ಹಿಂತಿರುಗಬೇಕು, ಮರಳಿನ ಪದರ ಆ ದಾರಿಗೇ ಅಡ್ಡ ಬರುತ್ತದೆ. ಅದೇ ಬೀದಿಯ ಟ್ರಾಲಿ ಬಸ್ಸಿಗೆ ಎರಡು ಕೋಲು ಏಕೆ ಎಂಬುದಕ್ಕೂ ಇಲ್ಲೇ ಉತ್ತರ: ರಬ್ಬರ್ ಟೈರಿಗೆ ಹಿಂತಿರುಗುವ ದಾರಿ ಇಲ್ಲ.

ಕೋಲಿನ ತುದಿ ತಂತಿಯಿಂದ ಕಳಚುವುದು ಹೆಚ್ಚಾಗಿ ತಂತಿಗಳು ಕವಲೊಡೆಯುವ ಕಡೆ. ಕೋಲನ್ನು ಸ್ಪ್ರಿಂಗ್ ಸದಾ ಮೇಲಕ್ಕೆ ತಳ್ಳುತ್ತಿರುವುದರಿಂದ ತಪ್ಪಿದ ಕೂಡಲೇ ಅದು ಚಿಮ್ಮಿ ಅಡ್ಡತಂತಿಗಳಿಗೆ ಬಡಿಯಬಹುದು. ಆಗ ಚಾಲಕ ಇಳಿದು ಹಿಂದಕ್ಕೆ ಹೋಗಿ, ಹಗ್ಗ ಜಗ್ಗಿ ಕೋಲನ್ನು ಕೆಳಗಿಳಿಸಿ, ತಂತಿಗೆ ನೇರವಾಗಿ ಹಿಡಿದು, ಮೆಲ್ಲಗೆ ಬಿಡುತ್ತಾನೆ.

ಕಿವಿಗೆ ಕೆಲಸ ಕೊಡಬೇಕೆಂದರೆ ಮಾರ್ಕೆಟ್ ಸ್ಟ್ರೀಟ್ ಬಿಟ್ಟು ಟ್ರಾಮ್ ಸ್ಟೂವರ್ಟ್ ಸ್ಟ್ರೀಟಿಗೆ ಹೊರಳುವ ತಿರುವಿನಲ್ಲಿ ನಿಲ್ಲಬೇಕು. ರೈಲು ವಸ್ತುಸಂಗ್ರಹಾಲಯವೂ ಅಲ್ಲೇ ಇದೆ. ಒಂದೇ ಅಚ್ಚಿಗೆ ಬಿಗಿದ ಎರಡು ಗಾಲಿ ಒಟ್ಟಿಗೇ ತಿರುಗಬೇಕು. ಆದರೆ 90 ಡಿಗ್ರಿ ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಸುಮಾರು 2.25 ಮೀಟರ್ ಉದ್ದ, ಅಂದರೆ ಗಾಲಿಯ ಒಂದು ಸುತ್ತಿಗೂ ಹೆಚ್ಚು. ಅಷ್ಟು ದೂರವನ್ನು ಯಾವುದೋ ಒಂದು ಗಾಲಿ ಉರುಳದೆ ಜಾರಿಯೇ ಕಳೆಯಬೇಕು. ಪಿಸಿಸಿಯ ಗಾಲಿಯೊಳಗೆ ರಬ್ಬರ್ ಪದರವಿದ್ದರೂ ಕಿರುಚಾಟ ಪೂರ್ತಿ ಅಡಗುವುದಿಲ್ಲ.